ಚಳಿ ಇಬ್ಬರಿಗೂ ಇತ್ತಲ್ವಾ?

ಕಾರ್ಕಳದ ನಿವೃತ್ತ ಮಾಸ್ತರರೊಬ್ಬರ ಪತ್ರ: "ಹಿಟ್ಲರನ ಸೈನ್ಯವನ್ನು ರಷ್ಯಾದ ಚಳಿ ಸೋಲಿಸಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಚಳಿ ರಷ್ಯಾದವರಿಗೂ ಇತ್ತಲ್ವಾ? ಅಷ್ಟು ದೊಡ್ಡ ದೇಶಕ್ಕೆ ಕಂಬಳಿ ಹೊಂದಿಸಲು ಆಗಲಿಲ್ಲವೇ? ಹಾಗಾದರೆ ಅಮೆರಿಕ ವಿಯೆಟ್ನಾಂನಲ್ಲಿ ಯಾವ ಚಳಿಗೆ ಸೋತಿತು? ಇನ್ನೊಂದು, ಸಂಚಿಕೆ ನನ್ನ ಕೈಸೇರಿದ್ದು ಹತ್ತು ದಿನ ತಡವಾಗಿ."

ಪ್ರಿಯ ಮಾಸ್ತರರೇ,

ಕಂಬಳಿಯ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ನಮ್ಮದೇ ಲೇಖನವನ್ನು ತೆಗೆದು ಮತ್ತೆ ಓದಿದೆ. ನೀವು ಹೇಳಿದ್ದು ಸರಿ. ಎಲ್ಲವನ್ನೂ ಚಳಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಂಡಿದ್ದೇವೆ.

ಜರ್ಮನರ ಹತ್ತಿರ ಕಂಬಳಿ ಇತ್ತು. ಚಳಿಗಾಲದ ಬಟ್ಟೆಯ ದೊಡ್ಡ ರಾಶಿಯೇ ಪೋಲೆಂಡಿನ ಉಗ್ರಾಣಗಳಲ್ಲಿ ಬಿದ್ದಿತ್ತು. ಅದನ್ನು ಮಾಸ್ಕೋ ಹತ್ತಿರದ ಸೈನಿಕನಿಗೆ ಮುಟ್ಟಿಸಲು ಸಾಕಷ್ಟು ರೈಲು ಇರಲಿಲ್ಲ. ಓಡುತ್ತಿದ್ದ ಕೆಲವೇ ರೈಲುಗಳಲ್ಲಿ ಮದ್ದುಗುಂಡು ತರುವುದಾ, ಪೆಟ್ರೋಲ್ ತರುವುದಾ, ಕೋಟು ತರುವುದಾ? ಕೋಟು ಹಿಂದೆ ಉಳಿಯಿತು.

ರೈಲಿನ ಕಷ್ಟಕ್ಕೆ ಒಂದು ಕಾರಣ ಗೇಜ್. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು-ಹಾಸನ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರು ಮತ್ತೆ ಬೆಂಗಳೂರಿಗೆ ರೈಲು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಅದೂ ಯಾರೂ ಬಾಂಬು ಹಾಕದೆ! ಸೋವಿಯತ್ ಹಳಿ 1,524 ಮಿಲಿಮೀಟರ್ ಅಗಲ, ಜರ್ಮನರದ್ದು 1,435. ಮೂರೂವರೆ ಇಂಚಿನ ವ್ಯತ್ಯಾಸ, ಅಷ್ಟೆ. ಒಂದು ಕಂಬಿಯನ್ನು ಒಳಕ್ಕೆ ಸರಿಸಿ ಹೊಡೆದರೆ ಹಳಿ ಸರಿಯಾಗುತ್ತದೆ. ಆದರೆ ರಷ್ಯಾದ ಎಂಜಿನ್‌ಗಳು ದೊಡ್ಡವು. ಅವಕ್ಕೆ ನೀರು, ಕಲ್ಲಿದ್ದಲು ತುಂಬಿಸುವ ಜಾಗಗಳು ದೂರ ದೂರ ಇದ್ದವು. ಚಿಕ್ಕ ಜರ್ಮನ್ ಎಂಜಿನ್‌ಗಳಿಗೆ ನಡುನಡುವೆ ಹೊಸದಾಗಿ ಕಟ್ಟಬೇಕಾಯಿತು. ಚಳಿ ಶುರುವಾದ ಮೇಲೆ ಆ ಎಂಜಿನ್‌ಗಳ ಹೊರಗಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದವು.

ಹಳಿ ಮುಗಿದಲ್ಲಿಂದ ಮುಂದೆ ಲಾರಿ ಮತ್ತು ಕುದುರೆ. ಸಿನಿಮಾ ನೋಡಿದವರು ಜರ್ಮನ್ ಸೈನ್ಯ ಅಂದರೆ ಬರೀ ಟ್ಯಾಂಕ್ ಅಂದುಕೊಳ್ಳುತ್ತಾರೆ. 1941ರ ಜೂನ್ 22ರಂದು ಗಡಿ ದಾಟಿದ 30 ಲಕ್ಷ ಸೈನಿಕರ ಜೊತೆ 6 ಲಕ್ಷಕ್ಕೂ ಜಾಸ್ತಿ ಕುದುರೆಗಳಿದ್ದವು. ಅವುಗಳಿಗೂ ಮೇವು ಬೇಕಲ್ಲ. ಲಾರಿಗಳಲ್ಲಿ ಎಷ್ಟೋ ಫ್ರಾನ್ಸಿನಿಂದ ಕಿತ್ತುಕೊಂಡವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಗಡಿಯಿಂದ ಮಾಸ್ಕೋಗೆ ಸುಮಾರು 1,000 ಕಿಲೋಮೀಟರ್, ಹೆಚ್ಚುಕಡಿಮೆ ಮಂಗಳೂರು-ಬೆಂಗಳೂರಿನ ಮೂರು ಪಟ್ಟು. ಮುಂದೆ ಹೋದಷ್ಟೂ ಲಾರಿ ಹೊತ್ತ ಪೆಟ್ರೋಲನ್ನು ಲಾರಿಯೇ ಕುಡಿಯುತ್ತದೆ. ಅಕ್ಟೋಬರಿನಲ್ಲಿ ಮಳೆ ಹಿಡಿದು ಮಣ್ಣಿನ ರಸ್ತೆಗಳೆಲ್ಲ ಕೆಸರುಗದ್ದೆಯಾದವು. ಹಿಮ ಬಂದದ್ದು ಆಮೇಲೆ.

ಇಷ್ಟು ಲೆಕ್ಕ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ನನ್ನನ್ನು ಕಾಡುವುದು ಇದೇ. ಸಾಮಾನು ಸರಬರಾಜಿನ ಅಧಿಕಾರಿಗಳು 500 ಕಿಲೋಮೀಟರ್ ದಾಟಿದ ಮೇಲೆ ಕಷ್ಟ ಅಂತ ಮೊದಲೇ ಲೆಕ್ಕ ಹಾಕಿದ್ದರು. ಆಗ ಯೋಜನೆ ಬದಲಾಗಬೇಕಿತ್ತು, ಅಲ್ವಾ? ಬದಲಾಗಲಿಲ್ಲ. ಆ ದೂರದೊಳಗೇ, ದ್ನೀಪರ್ ನದಿ ದಾಟುವ ಮೊದಲೇ ಸೋವಿಯತ್ ಸೈನ್ಯವನ್ನು ಮುಗಿಸಿಬಿಡುತ್ತೇವೆ ಅಂದರು. ಚೀಲ ಚಿಕ್ಕದಾಯಿತು ಅಂತ ಶತ್ರುವನ್ನೇ ಚಿಕ್ಕದು ಮಾಡಿಕೊಂಡರು. 1940ರಲ್ಲಿ ಫ್ರಾನ್ಸನ್ನು ಆರೇ ವಾರದಲ್ಲಿ ಕೆಡವಿದ್ದ ಅಮಲು ಇನ್ನೂ ಇಳಿದಿರಲಿಲ್ಲ.

ಆಗಸ್ಟ್ ಹೊತ್ತಿಗೆ ಜರ್ಮನ್ ಸೇನಾ ಮುಖ್ಯಾಧಿಕಾರಿ ಫ್ರಾಂಜ್ ಹಾಲ್ಡರ್ ತನ್ನ ದಿನಚರಿಯಲ್ಲಿ ಬರೆದುಕೊಂಡ: ಶತ್ರುವಿನ ಸುಮಾರು 200 ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ತುಕಡಿ) ಎಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ. ಸೆಪ್ಟೆಂಬರಿನಲ್ಲಿ ಕೀವ್ ಬಳಿ 6 ಲಕ್ಷಕ್ಕೂ ಹೆಚ್ಚು ಜನ ಸೆರೆಸಿಕ್ಕರು ಎಂದು ಜರ್ಮನರು ಹೇಳಿಕೊಂಡರು. ಆದರೂ ಎದುರಿಗೆ ಹೊಸ ಡಿವಿಷನ್‌ಗಳು ಬರುತ್ತಲೇ ಇದ್ದವು. ಸೋವಿಯತ್ತಿನವರು 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹಾಕಿ ಉರಲ್ ಪರ್ವತಗಳ ಕಡೆಗೂ ಅದರಾಚೆಗೂ ಸಾಗಿಸಿದ್ದರು. ಸೆರೆಸಿಕ್ಕವರನ್ನು ಜರ್ಮನರು ಹಸಿವಿಗೆ, ಚಳಿಗೆ, ಗುಂಡಿಗೆ ಬಲಿಕೊಟ್ಟರು. 1942ರ ಆರಂಭದ ಹೊತ್ತಿಗೆ ಸತ್ತವರು ಸುಮಾರು 20 ಲಕ್ಷ. ಶರಣಾದರೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ ಯಾರು ಬಂದೂಕು ಕೆಳಗಿಡುತ್ತಾರೆ? ಡಿಸೆಂಬರ್ 5ಕ್ಕೆ ಸೋವಿಯತ್ ಸೈನ್ಯ ಮಾಸ್ಕೋ ಎದುರು ತಿರುಗಿಬಿತ್ತು. ಯುದ್ಧ 1945ರವರೆಗೆ ನಡೆಯಿತು ನಿಜ, ಆದರೆ ಬೇಗ ಮುಗಿಸುವ ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನು ವಿಯೆಟ್ನಾಂ. ಅಲ್ಲಿ ಕಂಬಳಿಯ ಮಾತೇ ಇಲ್ಲ. ಅಮೆರಿಕದ ಶಿಬಿರಗಳಿಗೆ ಐಸ್‌ಕ್ರೀಂ ಕೂಡ ಬರುತ್ತಿತ್ತು. ಐದು ಲಕ್ಷಕ್ಕೂ ಜಾಸ್ತಿ ಸೈನಿಕರು, ಬೇಕಾದಷ್ಟು ಹೆಲಿಕಾಪ್ಟರು. ಇಲ್ಲದ್ದು ಒಂದೇ: ಎಲ್ಲಿಗೆ ಮುಟ್ಟಿದರೆ ಗೆದ್ದಂತೆ ಎಂಬ ಗುರುತು. ಊರು ಹಿಡಿಯುವುದು, ಬಿಡುವುದು, ಹೆಣ ಎಣಿಸುವುದು. 1968ರಲ್ಲಿ ಅಲ್ಲಿನ ಹೊಸವರ್ಷದ ಹಬ್ಬವಾದ ಟೆಟ್ ಹೊತ್ತಿಗೆ ನಡೆದ ದಾಳಿಯಲ್ಲಿ, ದಾಳಿ ಮಾಡಿದ ವಿಯೆಟ್ನಾಂ ಕಮ್ಯುನಿಸ್ಟ್ ಹೋರಾಟಗಾರರಿಗೇ ಭಾರೀ ಪೆಟ್ಟು ಬಿತ್ತು. ಆದರೆ 'ಗೆಲುವು ಹತ್ತಿರದಲ್ಲಿದೆ' ಎಂಬ ಸರ್ಕಾರದ ಮಾತನ್ನು ಅಮೆರಿಕದ ಮನೆಗಳಲ್ಲಿ ನಂಬುವವರು ಕಡಿಮೆಯಾದರು. 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಸತ್ತ ವಿಯೆಟ್ನಾಮಿಗಳು ಅದರ ಎಷ್ಟೋ ಪಟ್ಟು. ಆದರೆ ಅವರಿಗೆ ಹೋಗಲು ಬೇರೆ ಊರಿರಲಿಲ್ಲ. ಅಮೆರಿಕನ್ನರಿಗೆ ಇತ್ತು.

ಸೋಲಿಗೆ ಒಂದೇ ಕಾರಣ ಹುಡುಕುವ ನಮ್ಮ ಚಟಕ್ಕೆ ನಮ್ಮ ಊರೇ ಉತ್ತರ ಕೊಡುತ್ತದೆ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಕಂಪನಿ ಸೈನ್ಯ. ಶುರುವಾದದ್ದು ಮೇ ತಿಂಗಳಲ್ಲಿ. ಮುಂದಿನದ್ದು ನಮ್ಮ ಮಳೆಗಾಲ ಕಂಡವರಿಗೆ ಗೊತ್ತು. ನಡುವೆ, ಜೊತೆಗಿದ್ದ ಫ್ರೆಂಚರು ಟಿಪ್ಪುವನ್ನು ಬಿಟ್ಟು ಹೊರಟರು. ಎಂಟು ತಿಂಗಳಾದ ಮೇಲೆ, 1784ರ ಜನವರಿಯಲ್ಲಿ ಕೋಟೆ ಬಿತ್ತು. ಬೀಳಿಸಿದ್ದು ಫಿರಂಗಿಗಿಂತ ಹೆಚ್ಚಾಗಿ ಹಸಿವು ಮತ್ತು ರೋಗ. ಗೆದ್ದದ್ದು ಟಿಪ್ಪು, ಸರಿ. ಆದರೆ ಅವನ ದೊಡ್ಡ ಸೈನ್ಯ ಒಂದೇ ಕೋಟೆಯ ಎದುರು ಎಂಟು ತಿಂಗಳು ಕಟ್ಟಿಬಿದ್ದಿತ್ತು. ಇದನ್ನು ಪೂರ್ತಿ ಗೆಲುವು ಅನ್ನಲು ನನಗೆ ಮನಸ್ಸಿಲ್ಲ. ನೀವು ಒಪ್ಪದಿದ್ದರೆ ಬರೆಯಿರಿ, ಅಚ್ಚು ಹಾಕುತ್ತೇವೆ.

ಕೊನೆಯದಾಗಿ, ಸಂಚಿಕೆ ತಡವಾದದ್ದು ಅಂಚೆಯ ತಪ್ಪಲ್ಲ. ವಿಳಾಸದ ಚೀಟಿ ಅಂಟಿಸುವ ಹುಡುಗ ರಜೆಯಲ್ಲಿದ್ದ. ಪ್ರತಿಗಳು ನಮ್ಮ ಮೆಟ್ಟಿಲ ಕೆಳಗೇ ಕಟ್ಟುಕಟ್ಟಾಗಿ ಬಿದ್ದಿದ್ದವು. ಈ ಸಲದ್ದನ್ನು ಬೆಳಗ್ಗಿನ ಕಾರ್ಕಳ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸುತ್ತೇನೆ.

— ಸಂ.