ಕಾಲೇಜು, ಕೈಗಾರಿಕೆ, ಸರ್ಕಾರ ಸೇರಿದರೆ ದಾವಣಗೆರೆಯಂಥ ಊರಲ್ಲಿ ಹೊಸದೇನಾದರೂ ಹುಟ್ಟುತ್ತಾ? ಇದೆಲ್ಲ ಬೆಂಗಳೂರಿಗೆ ಮಾತ್ರ ಅಲ್ವಾ?

ಖಂಡಿತ ಹುಟ್ಟುತ್ತದೆ. ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡುತ್ತೇನೆ, ಅವರ ಪ್ರಾಜೆಕ್ಟ್‌ಗಳಿಗೆ ಗೈಡ್ ಕೂಡ ಹೌದು.

ದೊಡ್ಡ ಮಟ್ಟದ ಉದಾಹರಣೆ ಪಕ್ಕದ ಜಿಲ್ಲೆಯಲ್ಲೇ ಇದೆ. ಚಿತ್ರದುರ್ಗದ ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರನ್‌ವೇ ಇದೆ. 2024ರ ಜೂನ್ 23ರಂದು ಇಸ್ರೋದ ಪುಷ್ಪಕ್, ಅಂದರೆ ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ಟಿಗಾಗಿ ಮಾಡಿದ ರೆಕ್ಕೆಯ ಪ್ರಯೋಗ ವಾಹನ, ಅಲ್ಲೇ ಇಳಿಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಿಂದ ಬಿಟ್ಟಿತು. ಪೈಲಟ್ ಇಲ್ಲದೆ ತಾನೇ ದಾರಿ ಸರಿಮಾಡಿಕೊಂಡು, ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ನೆಲ ಮುಟ್ಟಿತು. ಆ ಕೆಲಸದಲ್ಲಿ ಕಾನ್ಪುರದ ಐಐಟಿ, ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್, ಏರೋಸ್ಪೇಸ್ ಕಂಪನಿಗಳು ಎಲ್ಲರೂ ಕೈಜೋಡಿಸಿದ್ದರು. ಇಂಥ ರನ್‌ವೇಯನ್ನು ಯಾವ ಕಾಲೇಜೂ ಹಾಕಿಸಲಾರದು. ಸರ್ಕಾರ ಬೇಕಾಗುವುದು ಇಲ್ಲೇ. ಆದರೆ ಆ ಜಾಗ ಅಮೃತ ಮಹಲ್ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು ಆಗಿತ್ತು. ಮೇವಿನ ನೆಲ ಹೋಯಿತೆಂದು ಸುತ್ತಲ ಹಳ್ಳಿಯವರು ಹೋರಾಡಿದರು, ಹಸಿರು ನ್ಯಾಯಮಂಡಳಿವರೆಗೂ ವಿಷಯ ಹೋಯಿತು. ಊರವರನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಮೂವರ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಮ್ಮ ಮಟ್ಟಕ್ಕೆ ಬರೋಣ. ದಾವಣಗೆರೆ ಅಂದರೆ ಮಂಡಕ್ಕಿ ಭಟ್ಟಿ. ಹೊಗೆ ಕಡಿಮೆ ಮಾಡೋಣ ಅಂತ ನಮ್ಮ ಹುಡುಗರು ಒಲೆ ಬಾಯಿಗೆ ಒಂದು ಬಾಗಿಲು ಡಿಸೈನ್ ಮಾಡಿದರು. ಕಂಪ್ಯೂಟರಿನಲ್ಲಿ ಲೆಕ್ಕ ಎಲ್ಲ ಸರಿಯಿತ್ತು. ಭಟ್ಟಿಯಲ್ಲಿ ಕೆಲಸ ಮಾಡುವವರೊಬ್ಬರು ನೋಡಿ, "ಬಾಗ್ಲು ಚಲೋ ಐತಿ ಸರ್. ಆದ್ರ ಹೊಟ್ಟು ಹಾಕಾಕ ಪ್ರತಿ ಸಲ ತೆಗೀಬೇಕಲ್ಲ?" ಅಂದರು. ಅವರ ಒಂದು ಕೈ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿರುತ್ತದೆ. ಇನ್ನೊಂದು ಕೈ ಭತ್ತದ ಹೊಟ್ಟು ತಳ್ಳುತ್ತಲೇ ಇರಬೇಕು. ಉರಿ ಇಳಿದರೆ ಮಂಡಕ್ಕಿ ಅರಳುವುದಿಲ್ಲ. ಹುಡುಗರು ಬಾಗಿಲು ಬಿಟ್ಟು, ಹೊಟ್ಟು ತಾನಾಗಿ ಜಾರುವ ಇಳಿಜಾರು ಡಬ್ಬಿ ಮಾಡಿದರು. ಆ ಐಡಿಯಾ ಲ್ಯಾಬಿನಲ್ಲಿ ಕೂತಿದ್ದರೆ ಹೊಳೆಯುತ್ತಿರಲಿಲ್ಲ.

ನನ್ನ ಪ್ರಕಾರ ದುಡ್ಡಿಗಿಂತ ಕಷ್ಟ ಮೂವರ ವೇಳೆ ಹೊಂದಿಸುವುದು. ಹುಡುಗರಿಗೆ ಕೊನೇ ಸೆಮಿಸ್ಟರ್ ಮುಗಿಯುವುದರೊಳಗೆ ರಿಪೋರ್ಟ್ ಬೇಕು. ಭಟ್ಟಿ ಮಾಲೀಕರಿಗೆ ಒಂದು ದಿನ ಒಲೆ ನಿಂತರೂ ನಷ್ಟ. ಸರ್ಕಾರದ ಹಣ ಮಂಜೂರಾಗಿ ಕೈಗೆ ಬರುವ ಹೊತ್ತಿಗೆ ಹುಡುಗರು ಪಾಸಾಗಿ ಕೆಲಸಕ್ಕೆ ಹೋಗಿರುತ್ತಾರೆ. ಎಷ್ಟೋ ಒಳ್ಳೇ ಮಾಡೆಲ್‌ಗಳು ಕಾಲೇಜಿನ ಮೂಲೆಯಲ್ಲಿ ಧೂಳು ತಿನ್ನುವುದು ಇದಕ್ಕೇ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಬ್ಯಾಚ್ ಬಿಟ್ಟ ಕೆಲಸವನ್ನು ಮುಂದಿನ ಬ್ಯಾಚ್ ಅಲ್ಲಿಂದಲೇ ಎತ್ತಿಕೊಳ್ಳುವಂತೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಇದು ಕಾಲೇಜಿನ ಕೈಯಲ್ಲೇ ಇದೆ.

ನೀವು ವಿದ್ಯಾರ್ಥಿಯಾಗಿದ್ದರೆ ಸುಮ್ನೆ ನೆಟ್‌ನಲ್ಲಿ ಟಾಪಿಕ್ ಹುಡುಕಬೇಡಿ. ಮೊದಲು ಒಂದು ಭಟ್ಟಿಗೋ ರೈಸ್ ಮಿಲ್ಲಿಗೋ ಹೋಗಿ, ಏನು ತೊಂದರೆ ಅಂತ ಕೇಳಿ. ಮಾಡಿದ್ದನ್ನು ಬಳಸಿ ನೋಡುತ್ತೇನೆ ಅನ್ನುವ ಮಾಲೀಕರೊಬ್ಬರು ಸಿಗಲಿ. ಆಮೇಲೆ ಅರ್ಜಿ ಹಾಕಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಹಣ ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಹಾಗಾಗಿ ಗೈಡ್ ಹತ್ತಿರ ಬೇಗ ಮಾತಾಡಿ.