ನ್ಯೂಮನ್–ವುಡ್‌ವರ್ಡ್ ದಂಪತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಹಾಲಿವುಡ್ಡಿನ ತಾರಾ ದಂಪತಿಗಳನ್ನು ಕುರಿತು ಈ ಅಂಕಣದಲ್ಲಿ ಬರೆದಾಗ ಪಾಲ್ ನ್ಯೂಮನ್ ಮತ್ತು ಜೋಆನ್ ವುಡ್‌ವರ್ಡ್ ಅವರನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಹಲವರು ಆಕ್ಷೇಪಿಸಿ ಬರೆದಿದ್ದಾರೆ. ಆಕ್ಷೇಪ ನ್ಯಾಯವಾದದ್ದು. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪತ್ನಿಗೆ ಆಸ್ಕರ್ ಮೊದಲೇ ಬಂತು, ಪತಿ ಅದಕ್ಕಾಗಿ ಮೂರು ದಶಕ ಕಾಯಬೇಕಾಯಿತು ಎಂದು ಎಲ್ಲೋ ಓದಿದ ನೆನಪು. ನಿಜವೇ? (ಓದುಗರೊಬ್ಬರು, ಶಿವಮೊಗ್ಗ)

ಹೆಚ್ಚುಕಡಿಮೆ ನಿಜ, ಲೆಕ್ಕ ಹಾಕಿದರೆ 29 ವರ್ಷ. 'ದಿ ತ್ರೀ ಫೇಸಸ್ ಆಫ್ ಈವ್' (1957) ಚಿತ್ರದಲ್ಲಿ ಜೋಆನ್ ಅವರದು ಒಂದೇ ದೇಹದಲ್ಲಿ ಮೂರು ವ್ಯಕ್ತಿತ್ವಗಳನ್ನು ಹೊತ್ತ ಹೆಂಗಸಿನ ಪಾತ್ರ. ವೈದ್ಯರ ಎದುರು ಮುದುಡಿ ಕುಳಿತ ಗೃಹಿಣಿ ತಲೆ ತಗ್ಗಿಸಿ ಮತ್ತೆ ಎತ್ತುವಷ್ಟರಲ್ಲಿ ಕಣ್ಣಿನ ಹೊಳಪು, ತುಟಿಯ ಓರೆ, ಕೂರುವ ಭಂಗಿ ಎಲ್ಲವೂ ಬದಲಾಗಿ ಬೇರೊಬ್ಬಳೇ ಅಲ್ಲಿ ಕುಳಿತಿರುತ್ತಾಳೆ. ಮೇಕಪ್ಪಿನ ನೆರವಿಲ್ಲದೆ ನಡೆಯುವ ಈ ಬದಲಾವಣೆಯನ್ನು ಇಂದು ನೋಡಿದರೂ ಮೈ ಜುಮ್ಮೆನ್ನುತ್ತದೆ. 1958ರ ಮಾರ್ಚ್ 26ರಂದು ಆಸ್ಕರ್ ಸ್ವೀಕರಿಸಲು ಅವರು ವೇದಿಕೆ ಹತ್ತಿದ್ದು ತಾವೇ ಹೊಲಿದುಕೊಂಡ ಹಸಿರು ಉಡುಪಿನಲ್ಲಿ. ಆಗ ಅವರಿಗೆ 28 ವರ್ಷ, ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ.

ಪಾಲ್ ಅವರ ದಾರಿ ದೀರ್ಘವಾದದ್ದು. 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್', 'ದಿ ಹಸ್ಲರ್', 'ಹಡ್', 'ಕೂಲ್ ಹ್ಯಾಂಡ್ ಲ್ಯೂಕ್', 'ಆಬ್ಸೆನ್ಸ್ ಆಫ್ ಮ್ಯಾಲಿಸ್', 'ದಿ ವರ್ಡಿಕ್ಟ್' ಹೀಗೆ ಆರು ಬಾರಿ ಶ್ರೇಷ್ಠ ನಟ ವಿಭಾಗದಲ್ಲಿ ನಾಮನಿರ್ದೇಶನಗೊಂಡು ಆರೂ ಬಾರಿ ಬರಿಗೈಯಲ್ಲಿ ಮರಳಿದವರು ಅವರು. 1986ರಲ್ಲಿ ಅಕಾಡೆಮಿ ಗೌರವ ಆಸ್ಕರ್ ಕೊಟ್ಟಾಗ, ಇನ್ನು ಸ್ಪರ್ಧೆಯಲ್ಲಿ ಗೆಲ್ಲುವುದು ಮುಗಿದ ಮಾತು ಎಂದೇ ಹಲವರು ಭಾವಿಸಿರಬೇಕು. ಮರುವರ್ಷವೇ 'ದಿ ಕಲರ್ ಆಫ್ ಮನಿ' ಚಿತ್ರಕ್ಕೆ ಪ್ರಶಸ್ತಿ ಬಂತು. 'ದಿ ಹಸ್ಲರ್'ನಲ್ಲಿ ತಾವು ಮಾಡಿದ್ದ ಎಡ್ಡಿ ಫೆಲ್ಸನ್ ಪಾತ್ರವನ್ನೇ 25 ವರ್ಷಗಳ ನಂತರ, ನರೆಗೂದಲಿನಲ್ಲಿ ಮತ್ತೊಮ್ಮೆ ಮಾಡಿದ್ದರು. ಸಮಾರಂಭಕ್ಕೆ ಅವರು ಹೋಗಿರಲಿಲ್ಲ.

ಅಷ್ಟು ಬೇಗ ಆಸ್ಕರ್ ಪಡೆದ ನಟಿಯ ಹೆಸರು ಪತಿಯಷ್ಟು ಕೇಳಿಬರಲಿಲ್ಲವೇಕೆ? ಸಂಸಾರಕ್ಕಾಗಿ ಆಕೆ ಕಲೆಯನ್ನು ಬಿಟ್ಟುಕೊಟ್ಟರೇ? (ಓದುಗರೊಬ್ಬರು, ಧಾರವಾಡ)

ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಮೂವರು ಹೆಣ್ಣುಮಕ್ಕಳು 1959, 1961 ಮತ್ತು 1965ರಲ್ಲಿ ಹುಟ್ಟಿದರು. ಪಾಲ್ ಅವರ ಮೊದಲ ಮದುವೆಯ ಮೂರು ಮಕ್ಕಳೂ ಬಂದು ಹೋಗುವ ಮನೆ ಅದು. ಪತಿ ಜಗತ್ತಿನ ಅತಿ ದೊಡ್ಡ ತಾರೆಯಾಗಿ ಬೆಳೆದ ಆ ವರ್ಷಗಳಲ್ಲೇ ಪತ್ನಿಗೆ ಬರುವ ಒಳ್ಳೆಯ ಪಾತ್ರಗಳು ವಿರಳವಾದವು. ಇದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಆಕೆ ಕಲೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಆಕೆಯ ಅಳತೆಗೆ ತಕ್ಕ ಪಾತ್ರಗಳನ್ನು ಚಿತ್ರೋದ್ಯಮ ಬರೆಯುತ್ತಿರಲಿಲ್ಲ.

ಪಾಲ್ ಅವರ ನಿಜವಾದ ದೊಡ್ಡತನ ನನಗೆ ಕಾಣುವುದು ಇಲ್ಲಿ. ತಮ್ಮ ತಾರಾಮೌಲ್ಯವನ್ನೇ ಬಂಡವಾಳವಾಗಿಸಿ ಅವರು 'ರೇಚಲ್, ರೇಚಲ್' (1968) ಚಿತ್ರವನ್ನು ತಾವೇ ನಿರ್ಮಿಸಿ, ತಾವೇ ನಿರ್ದೇಶಿಸಿದರು. ಸಣ್ಣ ಊರೊಂದರಲ್ಲಿ, ಶವಸಂಸ್ಕಾರದ ಅಂಗಡಿಯ ಮೇಲಿನ ಮನೆಯಲ್ಲಿ ತಾಯಿಯೊಂದಿಗೆ ಬದುಕುವ, 35ರ ಅವಿವಾಹಿತ ಶಾಲಾ ಶಿಕ್ಷಕಿಯ ಕಥೆ ಅದು. ಹಣ ಹೂಡುವವರು ಮೂಗು ಮುರಿಯುವಂಥ ವಸ್ತು. ಕ್ಯಾಮೆರಾದ ಮುಂದೆ ಪಾಲ್ ಬರುವುದೇ ಇಲ್ಲ. ಶಿಕ್ಷಕಿಯ ಬಾಲ್ಯದ ದೃಶ್ಯಗಳಲ್ಲಿ ನಟಿಸಿದ್ದು ಈ ದಂಪತಿಯ ಹಿರಿಯ ಮಗಳು ನೆಲ್. ಚಿತ್ರಕ್ಕೆ ನಾಲ್ಕು ಆಸ್ಕರ್ ನಾಮನಿರ್ದೇಶನಗಳು ಬಂದವು, ಒಂದೂ ಗೆಲುವಾಗಲಿಲ್ಲ. ಶ್ರೇಷ್ಠ ಚಿತ್ರದ ಪಟ್ಟಿಗೆ ಸೇರಿಸಿದ ಅಕಾಡೆಮಿ, ಅದರ ನಿರ್ದೇಶಕರನ್ನು ನಿರ್ದೇಶನ ವಿಭಾಗದಲ್ಲಿ ಕೈಬಿಟ್ಟದ್ದು ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಗೋಲ್ಡನ್ ಗ್ಲೋಬ್ ಮತ್ತು ನ್ಯೂಯಾರ್ಕ್ ವಿಮರ್ಶಕರ ಬಳಗ ಮಾತ್ರ ಪತಿಗೆ ನಿರ್ದೇಶನದ, ಪತ್ನಿಗೆ ಅಭಿನಯದ ಪ್ರಶಸ್ತಿಯನ್ನು ಒಂದೇ ವರ್ಷ ಕೊಟ್ಟು ಗೌರವಿಸಿದವು.

ಕಿರುತೆರೆಯದನ್ನೂ ಸೇರಿಸಿ ಪಾಲ್ ನಿರ್ದೇಶಿಸಿದ ಕಥಾಚಿತ್ರಗಳು ಆರು. ಅವುಗಳಲ್ಲಿ ಐದರಲ್ಲಿ ಜೋಆನ್ ಇದ್ದಾರೆ. 1972ರ ಒಂದು ಚಿತ್ರಕ್ಕಾಗಿ ಆಕೆಗೆ ಮರುವರ್ಷ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಗಂಡ ಹೆಂಡತಿ ಜೊತೆಯಾಗಿ ನಟಿಸಿದ 'ದಿ ಲಾಂಗ್, ಹಾಟ್ ಸಮ್ಮರ್' ಚಿತ್ರಕ್ಕೆ ಪಾಲ್ 1958ರಲ್ಲಿ ಅದೇ ಉತ್ಸವದ ಶ್ರೇಷ್ಠ ನಟರಾಗಿದ್ದರು.

ಕಿರುತೆರೆಯ ಅಭಿನಯ ಆಕೆಗೆ ಎರಡು ಎಮ್ಮಿ ಪ್ರಶಸ್ತಿ ತಂದಿತು. ಎರಡನೆಯದು 1985ರಲ್ಲಿ, ಆಲ್ಝೈಮರ್ಸ್ ಮರೆವಿಗೆ ಸಿಲುಕಿದ ಪ್ರಾಧ್ಯಾಪಕಿಯ ಪಾತ್ರಕ್ಕೆ. 2007ರಲ್ಲಿ ಅದೇ ಕಾಯಿಲೆ ಆಕೆಯಲ್ಲೇ ಪತ್ತೆಯಾಯಿತು ಎಂಬುದನ್ನು ತಿಳಿದ ಮೇಲೆ ಆ ಚಿತ್ರವನ್ನು ಕಣ್ಣು ಒದ್ದೆಯಾಗದೆ ನೋಡುವುದು ಕಷ್ಟ.

ಹಾಲಿವುಡ್ಡಿನ 'ವಾಕ್ ಆಫ್ ಫೇಮ್' ಕಾಲುದಾರಿಯ ಮೊಟ್ಟಮೊದಲ ನಕ್ಷತ್ರ ಜೋಆನ್ ಅವರದೇ? (ಓದುಗರೊಬ್ಬರು, ಮಂಗಳೂರು)

ಅಲ್ಲ. ಕಲಾವಿದರ ಹೆಸರುಳ್ಳ ನಕ್ಷತ್ರಗಳನ್ನು ಹಾಸಿದ ಆ ಕಾಲುದಾರಿಗೆ 1958ರಲ್ಲಿ ಮಾದರಿಗೆಂದು ಇಟ್ಟ ಎಂಟು ನಕ್ಷತ್ರಗಳಲ್ಲಿ ಆಕೆಯದೂ ಒಂದು. ಶಾಶ್ವತವಾಗಿ ಹಾಸಿದ ಮೊದಲನೆಯದು ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ಅವರದು, 1960ರ ಮಾರ್ಚ್‌ನಲ್ಲಿ.

ಇವರನ್ನು ಆದರ್ಶ ದಂಪತಿ ಎಂದು ಕರೆಯಬಹುದೇ? (ಓದುಗರೊಬ್ಬರು, ಹಾಸನ)

ಆ ಪದವನ್ನು ನಾನು ಬಳಸುವುದಿಲ್ಲ. 1953ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯ 'ಪಿಕ್ನಿಕ್' ನಾಟಕದ ದಿನಗಳಲ್ಲಿ ಇವರು ಹತ್ತಿರವಾದಾಗ ಪಾಲ್ ವಿವಾಹಿತರು, ಮಕ್ಕಳ ತಂದೆ. ಆ ಮದುವೆ ಮುರಿದ ಮೇಲೆ, 1958ರ ಜನವರಿ 29ರಂದು ಲಾಸ್ ವೇಗಸ್‌ನಲ್ಲಿ ಇವರ ಮದುವೆ ನಡೆಯಿತು. ಆ ನೋವಿನ ಮೇಲೆ ಕಟ್ಟಿದ ಸಂಸಾರವೆಂಬುದನ್ನು ಮರೆಮಾಚಬೇಕಿಲ್ಲ. ಪಾಲ್ ಅವರ ಮೊದಲ ಮದುವೆಯ ಮಗ ಸ್ಕಾಟ್ 1978ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಗೆ ಬಲಿಯಾದರು. ಆದರೂ 2008ರ ಸೆಪ್ಟೆಂಬರ್ 26ರಂದು ಪಾಲ್ ತೀರಿಕೊಳ್ಳುವವರೆಗೆ, 50 ವರ್ಷ, ಈ ಜೋಡಿ ಒಡೆಯಲಿಲ್ಲ.

ಹಾಲಿವುಡ್ಡಿನಿಂದ ದೂರ, ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಅವರು ಮನೆ ಮಾಡಿದ್ದರು. 1982ರಲ್ಲಿ ಪಾಲ್ ಗೆಳೆಯರೊಬ್ಬರ ಜೊತೆ ಆರಂಭಿಸಿದ 'ನ್ಯೂಮನ್ಸ್ ಓನ್' ಆಹಾರ ಕಂಪನಿಯ ಲಾಭವೆಲ್ಲ ದಾನಕ್ಕೆ ಮೀಸಲು. 1988ರಲ್ಲಿ ತೀವ್ರ ಕಾಯಿಲೆಯ ಮಕ್ಕಳಿಗಾಗಿ ಬೇಸಿಗೆ ಶಿಬಿರವೂ ಆರಂಭವಾಯಿತು. ಜೋಆನ್ ಊರಿನ ಹಳೆಯ ರಂಗಮಂದಿರದ ಕಲಾ ನಿರ್ದೇಶಕಿಯಾಗಿ ದುಡಿದರು. ಎಂದೋ ನಿಂತುಹೋಗಿದ್ದ ಓದನ್ನು ಮುಂದುವರಿಸಿ 1990ರಲ್ಲಿ, 60ರ ವಯಸ್ಸಿನಲ್ಲಿ, ಕಿರಿಯ ಮಗಳು ಪದವಿ ಪಡೆದ ಕಾಲೇಜಿನಲ್ಲೇ, ಅದೇ ವರ್ಷ ತಾವೂ ಪದವಿ ಪಡೆದರು. ಅಮೆರಿಕದ ಕಲಾವಿದರಿಗೆ ಸಲ್ಲುವ ಕೆನಡಿ ಸೆಂಟರ್ ಗೌರವ 1992ರಲ್ಲಿ ಇಬ್ಬರಿಗೂ ಒಟ್ಟಿಗೇ ಸಂದಿತು.

ಇಬ್ಬರೂ ಇರುವ ಒಂದೇ ಚಿತ್ರ ನೋಡುವುದಾದರೆ ಯಾವುದನ್ನು ನೋಡಲಿ? (ಓದುಗರೊಬ್ಬರು, ತುಮಕೂರು)

ಇಬ್ಬರೂ ಕೂಡಿ ನಟಿಸಿದ ಹತ್ತು ಚಿತ್ರಗಳಲ್ಲಿ ಕೊನೆಯದಾದ 'ಮಿಸ್ಟರ್ ಅಂಡ್ ಮಿಸೆಸ್ ಬ್ರಿಡ್ಜ್' (1990) ನೋಡಿ. ಮುಂಬಯಿಯ ಇಸ್ಮಾಯಿಲ್ ಮರ್ಚೆಂಟ್ ನಿರ್ಮಾಪಕರು, ಜೇಮ್ಸ್ ಐವರಿ ನಿರ್ದೇಶಕರು, ದೆಹಲಿಯಲ್ಲಿ ಬಹುಕಾಲ ಬಾಳಿದ ರುತ್ ಪ್ರಾವರ್ ಝಾಬ್‌ವಾಲಾ ಅವರದು ಚಿತ್ರಕಥೆ. ನಾಯಕಿಯ ಹೆಸರೇ ಇಂಡಿಯಾ. ಜೋಆನ್ ಅವರಿಗೆ ನಾಲ್ಕನೆಯ ಆಸ್ಕರ್ ನಾಮನಿರ್ದೇಶನ ತಂದ ಪಾತ್ರವದು.

ಒಂದು ದೃಶ್ಯಕ್ಕಾಗಿ ಕಾದು ಕುಳಿತುಕೊಳ್ಳಿ. ದಂಪತಿ ಕ್ಲಬ್ಬಿನಲ್ಲಿ ಊಟ ಮಾಡುತ್ತಿರುವಾಗ ಸುಂಟರಗಾಳಿಯ ಎಚ್ಚರಿಕೆ ಬಂದು ಉಳಿದವರೆಲ್ಲ ನೆಲಮಾಳಿಗೆಗೆ ಇಳಿಯುತ್ತಾರೆ, ಪಾಲ್ ಅವರ ಪಾತ್ರವಾದ ಗಂಡ ಬ್ರಿಡ್ಜ್ ಮಾತ್ರ ಏಳಲೊಪ್ಪದೆ ಊಟ ಮುಂದುವರಿಸುತ್ತಾನೆ. ಖಾಲಿಯಾದ ಆ ದೊಡ್ಡ ಕೋಣೆಯಲ್ಲಿ, ಹೊರಗೆ ಗಾಳಿ ಊಳಿಡುತ್ತಿರುವಾಗ, ಆಕೆ ಭಯವನ್ನು ನುಂಗಿಕೊಂಡು ಗಂಡನ ಜೊತೆ ಕುಳಿತೇ ಇರುತ್ತಾಳೆ. ಹೆಚ್ಚು ಮಾತಿಲ್ಲ. ಆಕೆಯ ಮುಖವನ್ನು ಮಾತ್ರ ನೋಡುತ್ತಿರಿ.