ಮೆಣಸಿನ ಮೂಟೆ ಹಗುರಾದಾಗ ಗೊತ್ತಾಯಿತು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಓದು ಎಲ್ಲ ಬದಲಿಸಿದ್ದೇನೆ. ಬರೆಯಲು ಅವನೂ ಅವನ ಅಮ್ಮನೂ ಒಪ್ಪಿದ್ದಾರೆ. ಚೇತನ್ ಅಂತ ಕರೆಯುತ್ತೇನೆ.

ಅವನಿಗೆ 20 ವರ್ಷ. ಸಕಲೇಶಪುರದ ಕಡೆಯ ಹುಡುಗ. ಮನೆಗೆ ಆರೇಳು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸು. ಹಾಸನದಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದ. ಅಪ್ಪ ಒಳ್ಳೆ ರೇಟು ಬರಲಿ ಅಂತ ಮೆಣಸು ಮಾರದೆ ಇಟ್ಟಿದ್ದರು. ಗೌರಿ ಹಬ್ಬಕ್ಕೆ ಮುಂಚೆ ವ್ಯಾಪಾರಿಯನ್ನು ಕರೆಸಿ ತೂಕ ಹಾಕಿಸಿದರೆ, ಒಂದೊಂದು ಮೂಟೆಯಲ್ಲೂ ಹತ್ತು-ಹನ್ನೆರಡು ಕೆಜಿ ಕಮ್ಮಿ. ಅನುಮಾನ ಬಂದದ್ದು ತೋಟದ ಆಳಿನ ಮೇಲೆ. ಹದಿನೈದು ವರ್ಷದಿಂದ ಅದೇ ಮನೆಯಲ್ಲಿ ದುಡಿದ ಮನುಷ್ಯ. ಅವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಬೈಯುತ್ತಿದ್ದಾಗ ಚೇತನ್ ಒಳಗಿಂದ ಬಂದು, "ಅಪ್ಪ, ಅವ್ರನ್ನ ಬಿಡಿ, ತೆಗೆದಿದ್ದು ನಾನು" ಅಂದ.

ಮೂರು ದಿನ ಆದ ಮೇಲೆ ಮೂವರೂ ನನ್ನ ಮುಂದೆ ಕೂತಿದ್ದರು. ಅಪ್ಪ ಕಳ್ಳತನದ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಅವರಿಗೆ ಹೇಳಿದ ಮೊದಲ ಮಾತು ಇಷ್ಟೇ: "ಸರ್, ಬೇರೆಯವರ ಮೇಲೆ ಹೊರೆ ಬೀಳ್ತಿದೆ ಅಂತ ಗೊತ್ತಾದ ತಕ್ಷಣ ಎದುರಿಗೆ ಬಂದು ನಿಂತನಲ್ಲ, ಆ ಹುಡುಗನ ಜೊತೆ ನಾವು ಕೆಲಸ ಮಾಡೋಣ." ಅವರು ಏನೂ ಹೇಳಲಿಲ್ಲ. ಕಿಟಕಿ ಕಡೆ ನೋಡಿದರು.

ಮೆಣಸು ತೆಗೆದದ್ದು ಮಾತ್ರೆಯ ದುಡ್ಡಿಗೆ. ಆ ಚಟ ಶುರುವಾದದ್ದು ಮೋಜಿಗಲ್ಲ. ವಾಲಿಬಾಲ್ ಆಡುವಾಗ ಮಂಡಿ ಉಳುಕಿತ್ತು. ಪಕ್ಕದ ರೂಮಿನವನೊಬ್ಬ ಒಂದು ಮಾತ್ರೆ ಕೊಟ್ಟ. ಟ್ಯಾಪೆಂಟಡಾಲ್. ಇದು ಅಫೀಮಿನ ಥರವೇ ಮಿದುಳಿನ ಮೇಲೆ ಕೆಲಸ ಮಾಡುವ ಬಲವಾದ ನೋವಿನ ಮಾತ್ರೆ, ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಂಡಿ ನೋವು ಹೋಯಿತು, ಅದರ ಜೊತೆಗೆ ಎರಡು ಸಬ್ಜೆಕ್ಟ್ ಬಾಕಿ ಉಳಿದಿದೆ ಅನ್ನೋ ಚಿಂತೆಯೂ ಹೋಯಿತು. ಚಿಂತೆ ಹೋಗಿದ್ದೇ ಅವನನ್ನು ಹಿಡಿದದ್ದು. ಮೊದಲು ವಾರಕ್ಕೊಂದು ದಿನ. ಒಂದೂವರೆ ವರ್ಷದ ಹೊತ್ತಿಗೆ ದಿನಕ್ಕೆ ಆರು. ನಡುನಡುವೆ ಗಾಂಜಾ ಕೂಡ. ರಜೆಗೆ ಮನೆಗೆ ಬಂದಾಗ ಮಾತ್ರೆ ಮುಗಿದರೆ ಆಕಳಿಕೆ, ಮೂಗು ಸೋರುವುದು, ಬೇಧಿ, ಮೂಳೆಯೆಲ್ಲ ಹಿಂಡಿದ ಹಾಗೆ ನೋವು. ಅಮ್ಮ ಪಾಪ ಶೀತ ಆಗಿದೆ ಅಂತ ಮೆಣಸಿನ ಕಷಾಯ ಮಾಡಿ ಕುಡಿಸಿದ್ದಾರೆ.

ಅಪ್ಪನ ಹತ್ತಿರ ಒಂದು ಉಪಾಯ ಸಿದ್ಧವಾಗಿತ್ತು. ಕಾಲೇಜು ಬಿಡಿಸುವುದು, ಫೋನ್ ಕಿತ್ತುಕೊಳ್ಳುವುದು, ತೋಟದ ಮನೆಯಲ್ಲಿ ಒಂದು ತಿಂಗಳು ಕೂಡಿ ಹಾಕುವುದು. "ಕೈಗೆ ಸಿಗ್ದಿದ್ರೆ ತಾನೇ ಬಿಡ್ತಾನೆ ಮೇಡಂ." ತುಂಬಾ ಮನೆಗಳಲ್ಲಿ ಹೀಗೇ ಯೋಚಿಸುತ್ತಾರೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಜಾತಿಯ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಒದ್ದಾಟ ಶುರುವಾಗುತ್ತದೆ, ಎರಡು-ಮೂರನೇ ದಿನ ಅತಿ ಜಾಸ್ತಿ, ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಮನೆಯವರು ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾದ ಅಪಾಯ ಶುರುವಾಗುವುದೇ ಅಲ್ಲಿಂದ. ತಿಂಗಳು ಬಿಟ್ಟಾಗ ದೇಹಕ್ಕೆ ಮೊದಲಿದ್ದ ತಾಳಿಕೆ ಇರುವುದಿಲ್ಲ, ಆದರೆ ಮನಸ್ಸಿಗೆ ಆರು ಮಾತ್ರೆಯ ನೆನಪು ಹಾಗೇ ಇರುತ್ತದೆ. ಒಂದು ದಿನ ಹೊರಗೆ ಹೋದವನು ಹಳೇ ಲೆಕ್ಕದಲ್ಲೇ ನುಂಗಿದರೆ, ಅದರ ಮೇಲೆ ಎಣ್ಣೆನೂ ಹೊಡೆದರೆ, ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಕೂಡಿ ಹಾಕಿ ಬಿಡಿಸುವುದು ಬೇಡ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯವೂ ಅವರಿಗಿತ್ತು. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೂ, ಸಣ್ಣ ಪ್ರಮಾಣದ ಕೇಸಿನಲ್ಲಿ ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನಿಗೆ ರಕ್ಷಣೆ ಕೊಡುವ 64ಎ ಅನ್ನೋ ಕಲಮು ಇದೆ. ಇದನ್ನು ಕೇಳಿದ ಮೇಲೆ ಆಸ್ಪತ್ರೆಗೆ ಒಪ್ಪಿದರು.

ಹತ್ತು ದಿನ ಒಳರೋಗಿಯಾಗಿದ್ದ. ಮನೋವೈದ್ಯರು ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಶುರು ಮಾಡಿದರು. "ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆನಾ?" ಅಂತ ಅಪ್ಪ ನನಗೆ ಫೋನ್ ಮಾಡಿ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಹೀಗೆ. ಅವನು ನುಂಗುತ್ತಿದ್ದ ಮಾತ್ರೆ ಬೇಗ ಏರಿ ಬೇಗ ಇಳಿಯುತ್ತದೆ, ಇಳಿದಾಗಲೆಲ್ಲ ಮತ್ತೆ ಬೇಕು ಅನಿಸುತ್ತದೆ. ಇದು ಅದೇ ಜಾಗದಲ್ಲಿ ಹೋಗಿ ಕೂತು ನಿಧಾನಕ್ಕೆ ಕೆಲಸ ಮಾಡುತ್ತದೆ. ಅಮಲು ಏರುವುದಿಲ್ಲ, ಒದ್ದಾಟವೂ ಇರುವುದಿಲ್ಲ. ಅಷ್ಟರಲ್ಲಿ ಊಟ, ನಿದ್ದೆ, ಓದು ಎಲ್ಲ ಒಂದು ದಾರಿಗೆ ಬರುತ್ತದೆ. ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವಾಗ ಇಳಿಸಬೇಕು ಅಂತ ವೈದ್ಯರು ನೋಡಿ ಹೇಳುತ್ತಾರೆ, ನಾವು ನೀವಲ್ಲ.

ಮನೆಗೆ ಬಂದ ಮೇಲೆ ಮಾತಾಡಿದ್ದೆಲ್ಲ ಸಣ್ಣ ಸಣ್ಣ ವಿಷಯ. ಮಾತ್ರೆ ಕೊಡುತ್ತಿದ್ದವನ ನಂಬರು ಚೇತನ್ ತಾನೇ ಅಳಿಸಿ, ಸಿಮ್ಮು ಬದಲಿಸಿದ. ಅಪ್ಪ ಕಿತ್ತುಕೊಂಡಿದ್ದರೆ ಅದು ಬೇರೆ ಮಾತಾಗುತ್ತಿತ್ತು, ಅಲ್ವಾ? ದುಡ್ಡು ಪೂರ್ತಿ ನಿಲ್ಲಿಸಬೇಡಿ, ವಾರಕ್ಕಿಷ್ಟು ಅಂತ ಕೈಗೆ ಕೊಡಿ ಅಂದೆ. ಸಂಜೆ ಐದರಿಂದ ಎಂಟು ಅವನಿಗೆ ಕಷ್ಟದ ಹೊತ್ತು. ಆಸೆ ಬಂದಾಗ ಅರ್ಧ ಗಂಟೆ ದಾಟಿಸಿದರೆ ಸಾಮಾನ್ಯವಾಗಿ ಅದು ತಾನೇ ತಗ್ಗುತ್ತದೆ ಅಂತ ಹೇಳಿಕೊಟ್ಟಿದ್ದೆ. ನಡೆದುಕೊಂಡು ಬಾ ಅಂದರೆ, "ಆನೆ ಇದಾವೆ ಮೇಡಂ, ಸಂಜೆ ಯಾರೂ ಹೊರಗೆ ಹೋಗಲ್ಲ" ಅಂದ. ಅದು ನನಗೆ ಹೊಳೆದೇ ಇರಲಿಲ್ಲ. ಕೊಯ್ಲು ಶುರುವಾದ ಮೇಲೆ ಅವನೇ ದಾರಿ ಹುಡುಕಿದ. ಕಣದಲ್ಲಿ ಹರಡಿದ ಕಾಫಿಯನ್ನು ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವ ಕೆಲಸ ತಾನೇ ವಹಿಸಿಕೊಂಡ.

ತೋಟದ ಆ ಮನುಷ್ಯನ ಹತ್ತಿರ ಕ್ಷಮೆ ಕೇಳಬೇಕು ಅಂದಾಗ, ನಿನ್ನ ಮನೆ ಅಂಗಳಕ್ಕೆ ಅವರನ್ನು ಕರೆಸಬೇಡ, ನೀನೇ ಅವರ ಮನೆಗೆ ಹೋಗು ಅಂದೆ. ಹೋಗಿ ಬಂದ. ಏನಾಯಿತು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಜಾರಿದ್ದು ಹಾಸನಾಂಬೆ ಬಾಗಿಲು ತೆಗೆದಿದ್ದ ವಾರ. ಅದಕ್ಕೆ ನಾಲ್ಕು ದಿನ ಮುಂಚೆ ದೊಡ್ಡಪ್ಪ ಮನೆಗೆ ಬಂದು, "ಗಂಡಸಾಗಿ ಇನ್ನೂ ಮಾತ್ರೆ ಮೇಲೆ ಬದುಕ್ತಿದ್ದೀಯಲ್ಲೋ" ಅಂದಿದ್ದಾರೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇವನು ಅವತ್ತೇ ಯಾರಿಗೂ ಹೇಳದೆ ಬ್ಯುಪ್ರೆನಾರ್ಫಿನ್ ನಿಲ್ಲಿಸಿಬಿಟ್ಟ. ಪರೀಕ್ಷೆ ಫೀಸು ಕಟ್ಟಲು ಹಾಸನಕ್ಕೆ ಬಂದವನು, ಮೈಕೈ ನೋವು ತಡೆಯಲಾಗದೆ ಹಳೇ ರೂಮಿನ ಕಡೆ ಹೋಗಿ ಮೂರು ಮಾತ್ರೆ ನುಂಗಿದ. ಆಮೇಲೆ ಗೆಳೆಯನಿಗೆ ಹೇಳಿದ. ಆ ಗೆಳೆಯನನ್ನು ಮೊದಲೇ ಒಮ್ಮೆ ಕೂರಿಸಿಕೊಂಡು ಹೇಳಿದ್ದೆ. ಕರೆದರೆ ಏಳದಿದ್ದರೆ, ಉಸಿರು ನಿಧಾನವಾದರೆ ಅಥವಾ ಗೊರಗೊರ ಅಂದರೆ, ತುಟಿ ನೀಲಿಯಾದರೆ, ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡು, ಪಕ್ಕಕ್ಕೆ ತಿರುಗಿಸಿ ಮಲಗಿಸು, ಸುಮ್ನೆ ಮಲಗಿದ್ದಾನೆ ಅಂದುಕೊಳ್ಳಬೇಡ ಅಂತ. ಚೇತನ್ ಮಾತಾಡುತ್ತಿದ್ದ, ನಡೆಯುತ್ತಿದ್ದ. ಆದರೂ ಗೆಳೆಯ ನನಗೆ ಫೋನ್ ಮಾಡಿದಾಗ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದೆ. ರಾತ್ರಿಯೆಲ್ಲ ಅಲ್ಲೇ ನೋಡಿಕೊಂಡರು. ವೈದ್ಯರು ಔಷಧಿಯನ್ನು ಮತ್ತೆ ಶುರು ಮಾಡಿಸಿದರು.

"ಎಲ್ಲಾ ಹಾಳಾಯ್ತು ಮೇಡಂ" ಅಂತ ಅತ್ತ. ಎರಡು ತಿಂಗಳ ಮೇಲೆ ಒಂದು ದಿನ ಜಾರಿದ್ದೀಯ, ಆ ಎರಡು ತಿಂಗಳು ಎಲ್ಲಿಗೂ ಹೋಗಿಲ್ಲ ಅಂದೆ. ನಾಲ್ಕು ದಿನದ ಲೆಕ್ಕವನ್ನು ಇಬ್ಬರೂ ಕೂತು ಗಂಟೆ ಗಂಟೆಯಾಗಿ ಬರೆದೆವು, ಎಲ್ಲಿ ಯಾರಿಗೆ ಒಂದು ಫೋನ್ ಮಾಡಬಹುದಿತ್ತು ಅಂತ ಗುರುತು ಹಾಕಿದೆವು. ದೊಡ್ಡಪ್ಪನಿಗೂ ಒಮ್ಮೆ ಬರಲು ಹೇಳಿದೆ. ಬಂದರು. ಶುಗರ್ ಮಾತ್ರೆ ಅವರೂ ದಿನಾ ತೆಗೆದುಕೊಳ್ಳುತ್ತಾರೆ, ಅದನ್ನೇ ಹಿಡಿದು ಮಾತಾಡಿದೆ. ಅರ್ಥವಾಯಿತು ಅಂತ ಅನಿಸಿತು.

ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ 14446ಕ್ಕೆ ಮಾಡಿ, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮನಸ್ಸಿನ ಕಷ್ಟ ಯಾವುದೇ ಇರಲಿ, ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ವಿಚಾರಿಸಿ.

ಕೊಯ್ಲು ಜೋರಾಗಿದ್ದಾಗ ಒಂದು ಮಧ್ಯಾಹ್ನ ಚೇತನ್ ಅಮ್ಮ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಮೇಡಂ, ಊಟ ಮಾಡಿ ಮಲಗಿದವನು ಎರಡು ಗಂಟೆಯಿಂದ ಎದ್ದಿಲ್ಲ."

"ಉಸಿರು ಸರಿಯಾಗಿದೆಯಾ ನೋಡಿ. ಹೆಸರು ಹಿಡಿದು ಕರೀರಿ."

ಕರೆದದ್ದು ನನಗೂ ಕೇಳಿಸಿತು. "ಹೂಂ ಅಂದ ಮೇಡಂ. ನಿದ್ದೆ ಮಾಡಕ್ಕೆ ಬಿಡಮ್ಮ ಅಂದು ಆ ಕಡೆ ತಿರುಗಿದ. ಬೆಳಿಗ್ಗೆ ಐದಕ್ಕೇ ಎದ್ದು ಕಣಕ್ಕೆ ಹೋಗಿದ್ದ."

"ಹಾಗಾದ್ರೆ ಮಲಗ್ಲಿ ಬಿಡಿ ಅಮ್ಮ" ಅಂದೆ.